ಅಸಲು ಬಿಡಿಭಾಗವೋ, ಅಗ್ಗದ ಬಿಡಿಭಾಗವೋ? – ಕುಕ್ಕರಿನ ಚರಿತ್ರೆಯಿಂದ ಒಂದು ಪಾಠ

ಕಳೆದ ವಾರ ನನ್ನ ತಂಗಿಯ ಮಗಳು ಮೈಸೂರಿನಿಂದ ದೂರವಾಣಿ ಮಾಡಿದ್ದಳು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಮಾವ, ಕುಕ್ಕರಿಗೆ ಹೊಸ ಗ್ಯಾಸ್ಕೆಟ್ಟೂ ಸೇಫ್ಟಿ ವಾಲ್ವೂ ಬೇಕಾಗಿವೆ. ಕಂಪನಿಯದು ತಗೊಂಡರೆ ಮೂರು ಪಟ್ಟು ದುಡ್ಡು. ಅಂಗಡಿಯವರು ಇದೂ ಅದೇ ಅಳತೆ, ಅದೇ ಕೆಲಸ ಅಂತಾರೆ. ಯಾವುದು ತಗೊಳ್ಳಲಿ?" ಎಂದು ಕೇಳಿದಳು. "ಎರಡನ್ನೂ ಕಂಪನಿಯದೇ ತಗೋ, ಕಾರಣವನ್ನು ಬರೆದು ತಿಳಿಸುತ್ತೇನೆ" ಎಂದೆ. ಬರೆಯಲು ಕುಳಿತಾಗ ಆ ಸಣ್ಣ ಪ್ರಶ್ನೆಯ ಬೆನ್ನಿಗೆ ಮುನ್ನೂರು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ ಎಂಬುದು ಹೊಳೆಯಿತು. ಅದರೊಂದಿಗೆ, ಇಷ್ಟು ವರ್ಷ ತರಗತಿಯಲ್ಲಿ ನಾನು ಎಂದೂ ಹೇಳದೆ ಉಳಿಸಿಕೊಂಡ ನಮ್ಮ ಮನೆಯ ಒಂದು ಘಟನೆಯೂ ನೆನಪಾಯಿತು.

ನಮ್ಮ ಅಜ್ಜಂದಿರ ಕಾಲದಲ್ಲಿ "ಒರಿಜಿನಲ್ ಪಾರ್ಟು" ಎಂಬ ಮಾತೇ ಇರಲಿಲ್ಲ. ಎತ್ತಿನ ಗಾಡಿಯ ಅಚ್ಚು ಮುರಿದರೆ ಊರಿನ ಕಮ್ಮಾರನು ಆ ಗಾಡಿಗೆ ಮಾತ್ರ ಹೊಂದುವಂತೆ ಹೊಸದೊಂದನ್ನು ಮಾಡಿಕೊಡುತ್ತಿದ್ದನು. ಒಂದು ಗಾಡಿಯ ಅಚ್ಚು ಮತ್ತೊಂದು ಗಾಡಿಗೆ ಕೂಡಬೇಕೆಂಬ ನಿರೀಕ್ಷೆ ಯಾರಿಗೂ ಇರಲಿಲ್ಲ. ಯುರೋಪಿನಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ಅಲ್ಲಿಯ ಬಂದೂಕುಗಳನ್ನು ಕುಶಲಕರ್ಮಿಗಳು ಅರದಿಂದ ಉಜ್ಜಿ ಉಜ್ಜಿ ಒಂದೊಂದಾಗಿ ಹೊಂದಿಸುತ್ತಿದ್ದರು. 1785ರಲ್ಲಿ ಒನೊರೆ ಬ್ಲಾಂ ಎಂಬ ಫ್ರೆಂಚ್ ಬಂದೂಕು ತಯಾರಕನು ಐವತ್ತು ಬಂದೂಕುಗಳ ಕೀಲುಭಾಗಗಳನ್ನು ಬಿಚ್ಚಿ ತೋರಿಸಿದನು. ಆಗ ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್, ಕೈಗೆ ಸಿಕ್ಕ ತುಂಡುಗಳನ್ನೇ ತೆಗೆದುಕೊಂಡು ತಾವೇ ಕೆಲವು ಕೀಲುಗಳನ್ನು ಜೋಡಿಸಿದರು. ಎಲ್ಲವೂ ಸರಿಯಾಗಿ ಕೂಡಿಕೊಂಡವು. ಇದನ್ನು ಅವರು ಸ್ವದೇಶಕ್ಕೆ ಪತ್ರ ಬರೆದು ತಿಳಿಸಿದರು.

1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಮತ್ತೊಂದು ಹೆಜ್ಜೆ ಮುಂದಿಟ್ಟನು. ಅಲ್ಲಿಯವರೆಗೆ ಒಂದು ಕಾರ್ಖಾನೆಯ ತಿರುಪು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಹೊಂದುತ್ತಿರಲಿಲ್ಲ. ತಿರುಪಿನ ಎಳೆಯ ಕೋನ 55 ಡಿಗ್ರಿ ಇರಬೇಕು, ಇಂತಿಷ್ಟು ದಪ್ಪದ ತಿರುಪಿಗೆ ಒಂದು ಅಂಗುಲಕ್ಕೆ ಇಂತಿಷ್ಟೇ ಎಳೆಗಳಿರಬೇಕು ಎಂಬ ನಿಯಮವನ್ನು ಅವನು ಸೂಚಿಸಿದನು. ಅಳತೆಯೊಂದು ಸಾರ್ವಜನಿಕವಾದೊಡನೆ ಆ ಅಳತೆಗೆ ಸರಿಯಾಗಿ ಯಾರು ಬೇಕಾದರೂ ವಸ್ತುವನ್ನು ತಯಾರಿಸಬಹುದಾಯಿತು. ಮೂಲ ತಯಾರಕನದಲ್ಲದ ಬಿಡಿಭಾಗ ಹುಟ್ಟಿದ್ದು ಹೀಗೆ. ಅದು ಕಳ್ಳದಾರಿಯಲ್ಲಿ ಬಂದ ಕೂಸಲ್ಲ, ಪ್ರಮಾಣೀಕರಣದ ನ್ಯಾಯವಾದ ಸಂತಾನ.

ಇದರ ಉಪಕಾರವನ್ನು ನಮ್ಮ ಮನೆಗಳು ಚೆನ್ನಾಗಿ ಬಲ್ಲವು. ಹೊಲಿಗೆ ಯಂತ್ರವನ್ನೇ ನೋಡಿರಿ. ಸಿಂಗರ್ ಕಂಪನಿಯ ಹದಿನೈದನೆಯ ವರ್ಗದ ಯಂತ್ರದ ವಿನ್ಯಾಸವನ್ನು ಜಪಾನಿನ, ಭಾರತದ ಅನೇಕ ತಯಾರಕರು ಅನುಸರಿಸಿದರು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ವರ್ಕ್ಸ್ ಉಷಾ ಯಂತ್ರಗಳ ತಯಾರಿಕೆಯನ್ನು ಆರಂಭಿಸಿತು. ಇಂದಿಗೂ ತಾಲ್ಲೂಕು ಕೇಂದ್ರದ ದಾರ, ಗುಂಡಿ ಮಾರುವ ಅಂಗಡಿಯಲ್ಲಿ ಸಿಗುವ ಸೂಜಿಯೂ ಬಾಬಿನ್ನೂ ಬೇರೆ ಬೇರೆ ಕಂಪನಿಗಳ ಎಷ್ಟೋ ಯಂತ್ರಗಳಿಗೆ ಹೊಂದುತ್ತವೆ. ಮೂಲ ಕಂಪನಿಯ ಸೂಜಿಯೇ ಬೇಕೆಂದು ಹಟ ಹಿಡಿದಿದ್ದರೆ ಹಳ್ಳಿಗಳ ಎಷ್ಟು ಯಂತ್ರಗಳು ತುಕ್ಕು ಹಿಡಿದು ಮೂಲೆ ಸೇರುತ್ತಿದ್ದವೋ! ಹಾಗಾದರೆ ಕುಕ್ಕರಿನ ವಿಷಯದಲ್ಲಿ ಮಾತ್ರ ಏಕೆ ಬೇರೆ ಮಾತು? ಇದಕ್ಕೆ ಉತ್ತರ ಬೇಕಾದರೆ ಕುಕ್ಕರಿನ ಜನ್ಮಕಾಲಕ್ಕೇ ಹೋಗಬೇಕು.

ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿಗೆ ಬಂದು ರಾಬರ್ಟ್ ಬಾಯ್ಲರೊಂದಿಗೆ ಕೆಲಸ ಮಾಡಿದವನು. (ಬಾಯ್ಲರ ನಿಯಮವನ್ನು ಕಂಠಪಾಠ ಮಾಡಿದ್ದು ನಿಮಗೆ ಮರೆತಿರಲಾರದು!) 1679ರಲ್ಲಿ ಅವನು ಗಟ್ಟಿಯಾದ ಲೋಹದ ಪಾತ್ರೆಯೊಂದಕ್ಕೆ ಮುಚ್ಚಳವನ್ನು ಬಿಗಿದು, ಹಬೆಯ ಒತ್ತಡದಲ್ಲಿ ಮೂಳೆಯನ್ನೂ ಮೆತ್ತಗಾಗುವಂತೆ ಬೇಯಿಸಿ ತೋರಿಸಿದನು. 1682ರಲ್ಲಿ ಅದರಲ್ಲಿ ಬೇಯಿಸಿದ ಭೋಜನವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರು ಸವಿದರೆಂದು ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಪಾಪಿನ್ನನು ಆ ಪಾತ್ರೆಗೆ ಸನ್ನೆಯ ತುದಿಯಲ್ಲಿ ತೂಕ ತೂಗಿಬಿಟ್ಟ ಕವಾಟವೊಂದನ್ನು ಜೋಡಿಸಿದನು. ಒತ್ತಡ ಮಿತಿಮೀರಿದರೆ ಹಬೆಯು ತೂಕವನ್ನು ಎತ್ತಿ ಹೊರಗೆ ಹೋಗುತ್ತಿತ್ತು. ನಮ್ಮ ಕುಕ್ಕರಿನ ಮೇಲೆ ಕುಳಿತು ಕೂಗುವ ವೆಯಿಟ್ಟಿನ ಮೂಲಪುರುಷನೇ ಅದು.

ಆದರೆ ಕವಾಟವೊಂದಿದ್ದರೆ ಸಾಲದು ಎಂಬ ಪಾಠವನ್ನು ಮನುಷ್ಯ ಕಲಿತದ್ದು ಜೀವಗಳನ್ನು ತೆತ್ತು. 1803ರಲ್ಲಿ ಲಂಡನ್ನಿನ ಬಳಿಯ ಗ್ರೀನಿಚ್ಚಿನಲ್ಲಿ ರಿಚರ್ಡ್ ಟ್ರೆವಿಥಿಕ್ ನಿರ್ಮಿಸಿದ್ದ ಹಬೆಯಂತ್ರವೊಂದು ಸಿಡಿದು ನಾಲ್ವರು ಸತ್ತರು. ಯಂತ್ರವನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗ ಹಾವುಮೀನು ಹಿಡಿಯಲು ಹೋಗಿದ್ದನು. ಅವನ ಬದಲಿಗೆ ನಿಂತ ಕೂಲಿಯಾಳು, ಕವಾಟವನ್ನು ಬಿಗಿದಿಟ್ಟಿದ್ದ ಸಲಕರಣೆಯನ್ನು ತೆಗೆಯದೆ ಯಂತ್ರವನ್ನು ನಿಲ್ಲಿಸಿಬಿಟ್ಟನು. ಇದಾದ ಮೇಲೆ ಟ್ರೆವಿಥಿಕ್ ತನ್ನ ಯಂತ್ರಗಳಿಗೆ ಎರಡು ಕವಾಟಗಳನ್ನಿಟ್ಟನು. ಅದಲ್ಲದೆ ಬಾಯ್ಲರಿಗೆ ಸೀಸದ ಬಿರಡೆಯೊಂದನ್ನೂ ಸೇರಿಸಿದನು. ನೀರು ಬತ್ತಿ ಶಾಖ ಏರಿದಾಗ ಸೀಸ ಕರಗಿ, ಹಬೆಗೆ ದಾರಿ ಬಿಡುತ್ತಿತ್ತು. ಮನುಷ್ಯ ಮೈಮರೆತರೂ ಲೋಹ ಮೈಮರೆಯಬಾರದು ಎಂಬುದೇ ಅದರ ಹಿಂದಿನ ಆಲೋಚನೆ.

ನಮ್ಮ ಕುಕ್ಕರಿನ ಮುಚ್ಚಳದಲ್ಲಿರುವ ಸೇಫ್ಟಿ ವಾಲ್ವ್ ಇದೇ ಸೀಸದ ಬಿರಡೆಯ ವಂಶಕ್ಕೆ ಸೇರಿದ್ದು. ಬೆಂಗಳೂರಿನಂತಹ ಎತ್ತರದ ಊರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಅದು ಸುಮಾರು 120 ಡಿಗ್ರಿಯವರೆಗೆ ಏರುತ್ತದೆ. ಬೇಳೆ ಬೇಗ ಬೇಯುವುದು ಆ ಕಾರಣದಿಂದ. ವೆಯಿಟ್ಟಿನ ಕೊಳವೆ ಕಟ್ಟಿಕೊಂಡರೆ ಅಥವಾ ನೀರು ಬತ್ತಿಹೋದರೆ ಶಾಖ ಇನ್ನೂ ಏರುತ್ತದೆ. ಆಗ ವಾಲ್ವಿನ ನಡುವೆ ತುಂಬಿರುವ ಮಿಶ್ರಲೋಹ ಕರಗಬೇಕು. ಗೊತ್ತಾದ ಶಾಖದಲ್ಲಿ ಕರಗುವಂತೆ ಬಿಸ್ಮತ್, ಸೀಸ, ತವರ ಮೊದಲಾದ ಲೋಹಗಳನ್ನು ತೂಕ ಮಾಡಿ ಬೆರೆಸಿ ಇಂತಹ ಮಿಶ್ರಲೋಹಗಳನ್ನು ತಯಾರಿಸುತ್ತಾರೆ. ಬೆರಕೆಯ ಪ್ರಮಾಣ ತಪ್ಪಿದರೆ ವಾಲ್ವಿನ ಅಳತೆ ಕೂದಲೆಳೆಯಷ್ಟೂ ತಪ್ಪದಿದ್ದರೂ ಅದು ವಾಲ್ವಲ್ಲ, ಬರಿಯ ಬಿರಡೆ.

ಈಗ ನಮ್ಮ ಮನೆಯ ಕಥೆ. 1959ರಲ್ಲಿ ಇಂಗ್ಲೆಂಡಿನ ಸಂಸ್ಥೆಗಳ ತಾಂತ್ರಿಕ ಸಹಕಾರದೊಂದಿಗೆ ಪ್ರೆಸ್ಟೀಜ್, ಹಾಕಿನ್ಸ್ ಎಂಬ ಎರಡು ಹೆಸರುಗಳು ನಮ್ಮ ದೇಶದಲ್ಲಿ ಬೇರೂರಿದವು. ನಮ್ಮಂತಹವರ ಅಡಿಗೆಮನೆಗೆ ಕುಕ್ಕರ್ ಬಂದದ್ದು ಮಾತ್ರ ಬಹಳ ತಡವಾಗಿ. ನಮ್ಮದು ನನ್ನ ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು. 1988ರಲ್ಲಿ ಒಮ್ಮೆ ನೀರು ಬತ್ತಿ ಅದರ ವಾಲ್ವ್ ಕರಗಿತು. ಅಂದರೆ ಅದು ತನ್ನ ಕರ್ತವ್ಯವನ್ನು ನೆರವೇರಿಸಿತ್ತು. ನಮ್ಮೂರಿನಲ್ಲಿ ಕಂಪನಿಯ ವಾಲ್ವ್ ಸಿಗುತ್ತಿರಲಿಲ್ಲ. ತುಮಕೂರಿಗೆ ಹೋಗಿ ತರಬೇಕಾಗಿತ್ತು. ನಾನು ಸಂತೆಯಲ್ಲಿ ಹರಡಿಕೊಂಡು ಕುಳಿತಿದ್ದವರ ಬಳಿ ಹೆಸರಿಲ್ಲದ ವಾಲ್ವೊಂದನ್ನು ಕೊಂಡು ತಂದೆ. ಎಳೆ ಚೆನ್ನಾಗಿ ಕೂತಿತು. ಹಬೆ ಒಂದಿಷ್ಟೂ ಸೋರಲಿಲ್ಲ. ಬಸ್ ಖರ್ಚೂ ಉಳಿಯಿತೆಂದು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ.

ಒಂದು ವರ್ಷ ಯಾವ ತೊಂದರೆಯೂ ಆಗಲಿಲ್ಲ. ಮುಂದಿನ ಅವರೆಕಾಯಿ ಕಾಲದಲ್ಲಿ ಒಂದು ಬೆಳಗ್ಗೆ ಅವರೆಕಾಳಿನ ಸಿಪ್ಪೆ ವೆಯಿಟ್ಟಿನ ಕೊಳವೆಯನ್ನು ಮುಚ್ಚಿಕೊಂಡಿತು. ಕುಕ್ಕರ್ ಕೂಗಲಿಲ್ಲ. ಏಕೆ ಕೂಗಲಿಲ್ಲವೆಂದು ನನ್ನ ತಾಯಿ ಒಲೆಯ ಹತ್ತಿರ ಹೋದರು. ವಾಲ್ವ್ ಕರಗಲಿಲ್ಲ. ಮುಚ್ಚಳ ಸಿಡಿದು ಹೆಂಚಿಗೆ ಬಡಿಯಿತು. ಕುದಿಯುವ ಹುಳಿ ತಾಯಿಯ ಬಲಗೈಯನ್ನು ಮೊಣಕೈಯವರೆಗೆ ಸುಟ್ಟಿತು. ನಮ್ಮ ಶಾಲೆಯ ಕುಶಲಕಲಾ ಶಿಕ್ಷಕರು ಆ ವಾಲ್ವನ್ನು ಗರಗಸದಿಂದ ಕೊಯ್ದು ನೋಡಿದರು. ಒಳಗೆ ಮಿಶ್ರಲೋಹವೇ ಇರಲಿಲ್ಲ. ಇಡಿಯಾಗಿ ಹಿತ್ತಾಳೆ. ಆ ವಾರವೇ ನಾನು ಒಂಬತ್ತನೆಯ ತರಗತಿಗೆ "ಒತ್ತಡ" ಎಂಬ ಪಾಠವನ್ನು ಮಾಡಬೇಕಾಗಿತ್ತು. ಮಾಡಿದೆ. ಕುಕ್ಕರಿನ ಉದಾಹರಣೆಯನ್ನು ಮಾತ್ರ ಬಿಟ್ಟುಬಿಟ್ಟೆ. ತಾಯಿ ನನ್ನನ್ನು ಒಂದು ದಿನವೂ ದೂರಲಿಲ್ಲ. "ಹೋಗ್ಲಿ ಬಿಡಪ್ಪ, ನಿನಗೇನು ಗೊತ್ತಿತ್ತು" ಎನ್ನುತ್ತಿದ್ದರು. ಆದರೆ ನನಗೆ ಗೊತ್ತಿರಬೇಕಾಗಿತ್ತು. ಅದನ್ನು ಕಲಿಸುವುದೇ ನನ್ನ ಉದ್ಯೋಗವಾಗಿತ್ತು.

ಇದು ನಮ್ಮ ಮನೆಯೊಂದರ ಕಥೆಯಲ್ಲವೆಂದು ಆಮೇಲೆ ತಿಳಿಯಿತು. ಪ್ರೆಸ್ಟೀಜ್ ಸಂಸ್ಥೆಯನ್ನು ಬಹುಕಾಲ ಮುನ್ನಡೆಸಿದ ಟಿ. ಟಿ. ಜಗನ್ನಾಥನ್ ಅವರೇ ಹೇಳಿಕೊಂಡಿರುವಂತೆ, ಉತ್ತರ ಭಾರತದಲ್ಲಿ ಕುಕ್ಕರುಗಳು ಸಿಡಿಯುತ್ತಿವೆಯೆಂಬ ದೂರುಗಳ ಕಾರಣವನ್ನು ಅವರು ಹುಡುಕಿಕೊಂಡು ಹೋದಾಗ ಕಂಡದ್ದು ನಕಲಿ ಸೇಫ್ಟಿ ವಾಲ್ವುಗಳು. ಆಗ ಅವರು ಮುಚ್ಚಳದ ಅಂಚಿನಲ್ಲಿ ಒಂದು ಕಿಂಡಿಯನ್ನು ತೆರೆಯುವ ಉಪಾಯವನ್ನು ಕಂಡುಹಿಡಿದರು. ಒತ್ತಡ ಮಿತಿಮೀರಿದರೆ ಗ್ಯಾಸ್ಕೆಟ್ಟು ಆ ಕಿಂಡಿಯಿಂದ ಹೊರಕ್ಕೆ ಉಬ್ಬಿ ಹಬೆಗೆ ದಾರಿ ಕೊಡುತ್ತದೆ. ವಾಲ್ವ್ ನಕಲಿಯಾಗಿದ್ದರೂ ಜೀವ ಉಳಿಯಲಿ ಎಂಬುದು ಉದ್ದೇಶ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಹಬೆ ಸೋರದಂತೆ ತಡೆಯುವುದಷ್ಟೇ ಕೆಲಸವಾಗಿದ್ದ ಗ್ಯಾಸ್ಕೆಟ್ಟು ಅಂದಿನಿಂದ ತಾನೂ ಒಂದು ರಕ್ಷಣಾಭಾಗವಾಯಿತು. ಬಾಗದ, ಉಬ್ಬದ ಗಡಸು ರಬ್ಬರಿನ ಗ್ಯಾಸ್ಕೆಟ್ಟನ್ನು ಅಂತಹ ಕುಕ್ಕರಿಗೆ ಹಾಕಿದರೆ ಆ ಕಿಂಡಿಯಿದ್ದೂ ಇಲ್ಲದಂತೆ. ತಂಗಿಯ ಮಗಳಿಗೆ ಎರಡನ್ನೂ ಕಂಪನಿಯದೇ ಕೊಳ್ಳೆಂದು ಹೇಳಿದ್ದು ಅದಕ್ಕಾಗಿ.

ಹಾಗೆಂದು ಕಂಪನಿಯ ಹೆಸರಿನ ಎಲ್ಲ ಭಾಗಗಳಿಗೂ ಕೇಳಿದಷ್ಟು ತೆರಬೇಕೆಂದು ನಾನು ಹೇಳುವುದಿಲ್ಲ. ಕಂಪನಿಗಳೂ ಈ ಭಯವನ್ನು ಬಂಡವಾಳ ಮಾಡಿಕೊಳ್ಳುವುದುಂಟು. ತನ್ನದೇ ಬಿಡಿಭಾಗವನ್ನು ಬಳಸದಿದ್ದರೆ ವಾರಂಟಿ ಇಲ್ಲವೆಂದು ತಯಾರಕನು ಕಟ್ಟುಹಾಕಬಾರದೆಂಬ ಕಾನೂನು ಅಮೆರಿಕದಲ್ಲಿ 1975ರಲ್ಲಿಯೇ ಬಂದಿತು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ "ದುರಸ್ತಿಯ ಹಕ್ಕು" ಕುರಿತು ಸಮಿತಿಯೊಂದನ್ನು ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವೊಂದನ್ನೂ ಆರಂಭಿಸಿತು. ಇನ್ನೊಂದು ಕಡೆ, 1947ರಲ್ಲಿ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆಯ ಐಎಸ್ಐ ಗುರುತು ಹೆಸರಿಲ್ಲದ ಸರಕಿಗೂ ಹೊಣೆಗಾರಿಕೆಯುಳ್ಳ ಸರಕಿಗೂ ನಡುವೆ ಗೆರೆ ಎಳೆಯುತ್ತದೆ. ಮನೆಬಳಕೆಯ ಕುಕ್ಕರಿಗೆ ಐಎಸ್ 2347, ಅದರ ರಬ್ಬರ್ ಗ್ಯಾಸ್ಕೆಟ್ಟಿಗೆ ಐಎಸ್ 7466 ಎಂಬ ಮಾನಕಗಳಿವೆ. 2021ರಿಂದ ಕುಕ್ಕರಿಗೆ ಈ ಗುರುತು ಕಡ್ಡಾಯವೂ ಆಗಿದೆ.

ಆದ್ದರಿಂದ ಬಿಡಿಭಾಗಗಳಲ್ಲಿ ಮೂರು ಜಾತಿಗಳಿವೆಯೆಂದು ತಿಳಿಯಿರಿ. ಮೂಲ ತಯಾರಕನದು ಒಂದು. ಬೇರೊಬ್ಬನು ತನ್ನ ಹೆಸರು ಹಾಕಿ, ಮಾನಕಕ್ಕೆ ಒಳಪಟ್ಟು ಮಾಡಿದ್ದು ಎರಡನೆಯದು. ಹೆಸರೇ ಇಲ್ಲದ್ದು ಅಥವಾ ಕದ್ದ ಹೆಸರಿನದು ಮೂರನೆಯದು. ಮೂರನೆಯದನ್ನು ಯಾವುದಕ್ಕೂ ಕೊಳ್ಳಬೇಡಿರಿ. ಮೊದಲ ಎರಡರ ನಡುವೆ ಆರಿಸುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ: ಈ ಭಾಗ ದಿನವೂ ಕೆಲಸ ಮಾಡುವುದೋ, ಎಂದೋ ಒಂದು ದಿನ ಮಾತ್ರವೋ?

ಕುಕ್ಕರಿನ ಹಿಡಿ, ಮಿಕ್ಸಿಯ ಜಾರಿನ ಕೆಳಗಿನ ಕಪ್ಲರ್, ಹೊಲಿಗೆ ಯಂತ್ರದ ಸೂಜಿ – ಇವೆಲ್ಲ ದಿನವೂ ದುಡಿಯುವ ಭಾಗಗಳು. ಸವೆದರೆ, ಸಡಿಲವಾದರೆ ಕಣ್ಣಿಗೆ ಬೀಳುತ್ತದೆ. ಅಳತೆ ಸರಿಯಿದ್ದರೆ ಇವುಗಳಲ್ಲಿ ಅಗ್ಗದ್ದನ್ನು ಪರೀಕ್ಷಿಸಿ ನೋಡಲು ಅಡ್ಡಿಯಿಲ್ಲ. ಸೇಫ್ಟಿ ವಾಲ್ವ್, ವಿದ್ಯುತ್ತಿನ ಫ್ಯೂಸ್ – ಇವು ವರ್ಷಗಟ್ಟಲೆ ಸುಮ್ಮನೆ ಕುಳಿತು, ಅಪಾಯದ ಒಂದು ಗಳಿಗೆಯಲ್ಲಿ ಮಾತ್ರ ತಮ್ಮ ನಿಜವಾದ ಗುಣವನ್ನು ತೋರಿಸಬೇಕಾದವು. ಅವುಗಳ ಗುಣವನ್ನು ನಾವು ಮನೆಯಲ್ಲಿ ಪರೀಕ್ಷಿಸಲಾರೆವು. ಪರೀಕ್ಷೆಯ ದಿನವೇ ಅಪಾಯದ ದಿನ. ಅಲ್ಲಿ ನಾವು ಹಣ ಕೊಡುವುದು ಲೋಹಕ್ಕಲ್ಲ, ಮಾತಿಗೆ ನಿಲ್ಲುವ ಒಬ್ಬ ಹೊಣೆಗಾರನಿಗೆ. ಫ್ಯೂಸ್ ಸುಟ್ಟಾಗ ದಪ್ಪ ತಾಮ್ರದ ತಂತಿಯನ್ನು ಸುತ್ತುವವರೂ ನನ್ನಂತೆಯೇ ಹಿತ್ತಾಳೆಯ ವಾಲ್ವನ್ನು ಕೊಂಡವರೇ.

ನನ್ನ ತಾಯಿ ಈಗಿಲ್ಲ. ಕೊನೆಯವರೆಗೂ ಅವರ ಬಲಗೈಯಲ್ಲಿ ಆ ಕಲೆ ಉಳಿದಿತ್ತು. ಊಟ ಬಡಿಸುವಾಗಲೆಲ್ಲ ಅದು ನನ್ನ ತಟ್ಟೆಯ ಮುಂದೆಯೇ ಬರುತ್ತಿತ್ತು. ಪ್ರಿಯ ವಿದ್ಯಾರ್ಥಿಗಳೇ, ಒಂಬತ್ತನೆಯ ತರಗತಿಯಲ್ಲಿ ಅಂದು ನಾನು ಬಿಟ್ಟುಬಿಟ್ಟ ಉದಾಹರಣೆ ಇದು. ಇಂದು ಪಾಠ ಪೂರ್ಣವಾಯಿತೆಂದು ತಿಳಿದುಕೊಳ್ಳಿರಿ. ಇದನ್ನು ಓದಿ ಮುಗಿಸಿದ ಮೇಲೆ ಒಮ್ಮೆ ಅಡಿಗೆಮನೆಗೆ ಹೋಗಿ, ನಿಮ್ಮ ಕುಕ್ಕರಿನ ಮುಚ್ಚಳವನ್ನು ತಿರುಗಿಸಿ ನೋಡಿರಿ.