ಸೀಸೆಯೊಳಗಣ ಹಡಗು

ಸೀಸೆಯ ಕೊರಳಿಗಿಂತ ಹಡಗು ಹಿರಿದು. ಅದು ಒಳಹೊಕ್ಕ ಬಗೆ ಎಂತು? ಸೀಸೆಯ ತಳವನ್ನು ಕೊಯ್ದು ಮರಳಿ ಬೆಸೆದಿರಬೇಕೆಂದು ಊಹಿಸುವವರುಂಟು. ಕಸುಬು ಬಲ್ಲ ನಾವಿಕನಿಗೆ ಅದರ ಅಗತ್ಯವಿಲ್ಲ. ಅವನು ಹಡಗಿನ ಒಡಲನ್ನು ಕೊರಳಿನಲ್ಲಿ ತೂರುವಷ್ಟು ಕಿರಿದಾಗಿ ಕೆತ್ತಿ, ಹಾಯಿಮರಗಳ ಬುಡಕ್ಕೆ ಕೀಲಿಟ್ಟು, ಅವನ್ನು ಹಿಂದಕ್ಕೆ ಮಲಗಿಸುವನು. ಸೀಮೆಸುಣ್ಣದ ಪುಡಿಯನ್ನು ಅಗಸೆಯೆಣ್ಣೆಯಲ್ಲಿ ಕಲಸಿ, ನೀಲಿ ಬೆರೆಸಿ, ಸೀಸೆಯೊಳಗೆ ಮೊದಲೇ ಕಡಲನ್ನು ಹಾಸಿರುತ್ತಾನೆ. ಹಡಗನ್ನು ಹಿಂಬದಿಯಿಂದ ಒಳನೂಕಿ ಅದರ ಮೇಲೆ ಕೂರಿಸಿ, ಮೂತಿಯಿಂದ ಹೊರಬಂದ ದಾರಗಳನ್ನೆಳೆದರೆ ಮರಗಳೆಲ್ಲವೂ ಎದ್ದು ನಿಲ್ಲುವುವು! ಬಳಿಕ ಅಂಟು ಹಾಕಿ ದಾರದ ತುದಿಯನ್ನು ಕತ್ತರಿಸುವುದಷ್ಟೆ. ಎಳೆದ ದಾರವೇ ಹಾಯಿಮರವನ್ನು ಮುಂದಕ್ಕೆ ಬಿಗಿವ ಹಗ್ಗವಾಗಿ ಒಳಗುಳಿಯುವುದರಿಂದ ಉಪಾಯದ ಗುರುತೇ ಕಾಣದು.

ಜರ್ಮನಿಯ ಲ್ಯೂಬೆಕ್ ನಗರದಲ್ಲಿರುವ 1784ರ ಸೀಸೆಯು, ಕಾಲ ತಿಳಿದಿರುವ ಇಂಥ ಕೃತಿಗಳಲ್ಲಿ ಅತಿ ಪ್ರಾಚೀನವಾದವುಗಳಲ್ಲೊಂದು. ಆದರೆ ಈ ಕಲೆಯು ನಾವಿಕರಲ್ಲಿ ವಿಶೇಷವಾಗಿ ಹಬ್ಬಿದುದು ತಿಳಿಗಾಜಿನ ಸೀಸೆ ಅಗ್ಗವಾದ ಹತ್ತೊಂಬತ್ತನೆಯ ಶತಮಾನದಲ್ಲಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಉಗಿಹಡಗಿನ ಕೈ ಮೇಲಾಯಿತು. ಹಾಯಿಹಡಗುಗಳು ಒಂದೊಂದಾಗಿ ಒಡೆಯುವವರ ಪಾಲಾದುವು. ಅವುಗಳ ಮಾಲಿಕರ ಲೆಕ್ಕಪತ್ರಗಳು ಉಳಿದಿವೆ. ಹಗ್ಗವೆಳೆದವನು ಏನನ್ನು ಬಲ್ಲವನಾಗಿದ್ದನೆಂದು ತಿಳಿಯಬೇಕಾದರೆ ನಾವು ಈ ಸೀಸೆಗಳನ್ನೂ ನೋಡಬೇಕು: ಒಡಲಿನ ಅಳತೆ ತಪ್ಪಿರುವಲ್ಲಿಯೂ ಹಗ್ಗಗಳ ಕಟ್ಟು ಸರಿಯಾಗಿರುವುದುಂಟು.