ಅಗಸ್ಟಸ್ ಚಕ್ರವರ್ತಿಯ ಬೆಳ್ಳಿನಾಣ್ಯ

ರೋಮನರ ಬೆಳ್ಳಿಯ ನಾಣ್ಯಕ್ಕೆ ದಿನಾರಿಯಸ್ ಎಂದು ಹೆಸರು. ತೂಕ ನಾಲ್ಕು ಗ್ರಾಮಿಗಿಂತ ಕೊಂಚ ಕಡಮೆ. ಅಗಲ ಹೆಬ್ಬೆರಳಿನ ಉಗುರಿಗಿಂತ ಬಹಳ ಹೆಚ್ಚಲ್ಲ. ಇಷ್ಟು ಕಿರಿದಾದ ಬಿಲ್ಲೆಯಲ್ಲಿ ಒಂದು ರಾಜಮನೆತನದ ಆಸೆಯೆಲ್ಲ ಅಡಗಿದ್ದುದನ್ನು ನಾವು ಅಗಸ್ಟಸನ ಒಂದು ನಾಣ್ಯದಲ್ಲಿ ಕಾಣಬಹುದು.

ಕ್ರಿ.ಪೂ. 2ರಲ್ಲಿ ರೋಮಿನ ಸೆನೆಟ್ ಸಭೆಯು ಅಗಸ್ಟಸನಿಗೆ ‘ದೇಶಪಿತ’ನೆಂಬ ಬಿರುದನ್ನಿತ್ತಿತು. ಆ ವರ್ಷದಿಂದ ಗಾಲ್ ದೇಶದ ಲುಗ್ಡುನಮ್ ಪಟ್ಟಣದ, ಎಂದರೆ ಇಂದಿನ ಫ್ರಾನ್ಸಿನ ಲಿಯೋನ್ ನಗರದ, ಟಂಕಸಾಲೆಯಲ್ಲಿ ಈ ನಾಣ್ಯವು ಅಚ್ಚಾಗತೊಡಗಿತು. ಮುಂಬದಿಯಲ್ಲಿ ಎಲೆಮಾಲೆ ಧರಿಸಿದ ಚಕ್ರವರ್ತಿಯ ತಲೆ. ಸುತ್ತಲೂ ಹೊಸ ಬಿರುದಿನ ಅಕ್ಷರಗಳು. ಆಗ ಅವನಿಗೆ ಅರುವತ್ತರ ವಯಸ್ಸು. ನಾಣ್ಯದ ಮುಖವಾದರೋ ಮೂವತ್ತು ದಾಟಿದಂತಿಲ್ಲ!

ಹಿಂಬದಿಯಲ್ಲಿ ಗುರಾಣಿ ಭಲ್ಲೆಗಳೊಡನೆ ಇಬ್ಬರು ತರುಣರು ನಿಂತಿದ್ದಾರೆ. ಇವರು ಗೈಯಸ್ ಮತ್ತು ಲೂಸಿಯಸ್. ಅಗಸ್ಟಸನ ಮಗಳು ಜೂಲಿಯಾಳ ಮಕ್ಕಳು. ಗಂಡುಸಂತಾನವಿಲ್ಲದ ಅಗಸ್ಟಸನು ಕ್ರಿ.ಪೂ. 17ರಲ್ಲಿ ಈ ಮೊಮ್ಮಕ್ಕಳನ್ನೇ ದತ್ತು ತೆಗೆದುಕೊಂಡಿದ್ದನು. ‘ಯುವಜನರ ನಾಯಕರು’ ಎಂದು ನಾಣ್ಯವು ಅವರನ್ನು ಸಾರುತ್ತದೆ. ಆದರೆ ಲೂಸಿಯಸನು ಕ್ರಿ.ಶ. 2ರಲ್ಲಿ ಮಸ್ಸಿಲಿಯಾದಲ್ಲಿ ತೀರಿಕೊಂಡನು. ಆರ್ಮೇನಿಯದ ಯುದ್ಧದಲ್ಲಿ ಗಾಯಗೊಂಡ ಗೈಯಸನು ಮರಳುವ ದಾರಿಯಲ್ಲಿ, ಕ್ರಿ.ಶ. 4ರಲ್ಲಿ, ಲಿಸಿಯಾದಲ್ಲಿ ಮಡಿದನು. ಮುದಿ ಚಕ್ರವರ್ತಿಯು ಮಲಮಗ ತಿಬೇರಿಯಸನನ್ನು ಅದೇ ವರ್ಷ ದತ್ತು ಸ್ವೀಕರಿಸಬೇಕಾಯಿತು. ಕೈಯಿಂದ ಕೈಗೆ ಸಾಗುತ್ತಿದ್ದ ಬೆಳ್ಳಿಯಲ್ಲಿ ಮಾತ್ರ ಆ ಕುಮಾರರು ಹಾಗೆಯೇ ನಿಂತಿದ್ದರು.

ಮೆಣಸಿನ ವ್ಯಾಪಾರದ ಜೊತೆಯಲ್ಲಿ ಈ ನಾಣ್ಯಗಳು ದಕ್ಷಿಣ ಭಾರತಕ್ಕೂ ಹೇರಳವಾಗಿ ಬಂದವು. ಕೊಯಮತ್ತೂರಿನ ಸೀಮೆಯ ನಿಧಿಗಳಲ್ಲಿ ಅಗಸ್ಟಸ್, ತಿಬೇರಿಯಸರ ನಾಣ್ಯಗಳೇ ಹೆಚ್ಚು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಇವರಿಬ್ಬರ ನಾಣ್ಯಗಳು ದೊರೆತಿವೆ. ಅದೇ ನೆಲದಲ್ಲಿ ಶಾತವಾಹನರ ನಾಣ್ಯಗಳೂ ಸಿಕ್ಕಿವೆ. ಸಿಂಹಳದ ಅರಸನು ರೋಮನ್ ನಾಣ್ಯಗಳಲ್ಲಿ ಮುಖಗಳು ಬೇರೆಬೇರೆಯಾಗಿದ್ದರೂ ತೂಕವೆಲ್ಲ ಒಂದೇ ಆಗಿದ್ದುದನ್ನು ಕಂಡು ಆ ಜನರ ಪ್ರಾಮಾಣಿಕತೆಗೆ ಮೆಚ್ಚಿದನೆಂದು ಪ್ಲೀನಿ ಬರೆದಿದ್ದಾನೆ. ರೋಮನನೇ ಹೇಳಿದ ರೋಮನರ ಹೊಗಳಿಕೆಯಾದರೂ ಮಾತು ಪೂರ್ತಿ ಸುಳ್ಳಲ್ಲ. ಕ್ರಿ.ಶ. 64ರಲ್ಲಿ ನೀರೋ ತೂಕವನ್ನೂ ಬೆಳ್ಳಿಯ ಶುದ್ಧಿಯನ್ನೂ ಇಳಿಸಿದನು. ಆ ಬಳಿಕದ ದಿನಾರಿಯಸ್‌ಗಳು ನಮ್ಮ ನಿಧಿಗಳಲ್ಲಿ ವಿರಳ.

ಭಾರತದಲ್ಲಿ ದೊರೆತ ಕೆಲವು ನಾಣ್ಯಗಳ ಮೇಲೆ, ಚಕ್ರವರ್ತಿಯ ತಲೆಗೇ ತಗುಲುವಂತೆ, ಉಳಿಯ ಗೀರುಗಳಿವೆ. ಒಳಗಿರುವುದು ಬೆಳ್ಳಿಯೋ ತಾಮ್ರವೋ ಎಂದು ನೋಡಲು ನಮ್ಮ ಚಿನಿವಾರರು ಮಾಡಿದ ಪರೀಕ್ಷೆಯಿದು ಎಂದೇ ನಾವು ಭಾವಿಸುತ್ತೇವೆ.