ಗುಮ್ಮಟ ಕಟ್ಟುವ ಗಣಿತ: ಕ್ಯಾಡ್ ತಂತ್ರಾಂಶದ ಒಳಗಿನ ಎಂಜಿನ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗ ಹುಡುಗಿಯರು ಎಂಜಿನಿಯರಿಂಗ್ ಸೇರಿದರೆ ಮೊದಲ ವರ್ಷವೇ ಕ್ಯಾಡ್ (ಕಂಪ್ಯೂಟರ್ ನೆರವಿನ ವಿನ್ಯಾಸ) ಕಲಿಯಬೇಕು. ವಿಟಿಯುನ ಅನೇಕ ಕಾಲೇಜುಗಳಲ್ಲಿ ಈ ಪಾಠ ಸಾಲಿಡ್ ಎಡ್ಜ್ ಮೇಲೆ ನಡೆದಿದೆ. ಪರದೆಯ ಮೇಲಿನ ಬಟನ್ನುಗಳು ಸಾಲಿಡ್ ಎಡ್ಜ್‌ನವು. ಆಕಾರದ ಲೆಕ್ಕ ಮಾತ್ರ ಒಳಗಿರುವ ಪ್ಯಾರಾಸಾಲಿಡ್‌ನದು. ಇಂಥ ಎಂಜಿನ್ನಿಗೆ ಜಿಯೋಮೆಟ್ರಿ ಕರ್ನಲ್ ಎನ್ನುತ್ತಾರೆ. ಕ್ಯಾಡ್ ತಂತ್ರಾಂಶಗಳು ನೂರಾರಿವೆ, ಕರ್ನಲ್‌ಗಳು ಬೆರಳೆಣಿಕೆಯಷ್ಟೇ.

1963ರಲ್ಲಿ ಐವಾನ್ ಸದರ್ಲ್ಯಾಂಡ್ ಅವರ ಸ್ಕೆಚ್‌ಪ್ಯಾಡ್ ಪರದೆಯ ಮೇಲೆ ಗೆರೆ ಎಳೆಯಿತು. ಆ ದಶಕದಲ್ಲೇ ಫ್ರಾನ್ಸಿನ ಕಾರು ಕಂಪನಿಗಳಲ್ಲಿ ಬೆಝಿಯೇ, ದ ಕಾಸ್ಟೆಲ್‌ಜೋ ಅವರ ಸೂತ್ರಗಳಿಂದ ಬಾಗಿದ ಮೈ ಮೂಡಿತು. ಆದರೆ ಆ ಮೈಯ ಯಾವ ಪಕ್ಕಕ್ಕೆ ಲೋಹ, ಯಾವ ಪಕ್ಕಕ್ಕೆ ಗಾಳಿ ಎಂಬುದು ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲ.

1970ರ ದಶಕದಲ್ಲಿ ಇದಕ್ಕೆ ಎರಡು ಉತ್ತರ ಬಂದವು. ಅಮೆರಿಕದ ರಾಚೆಸ್ಟರ್‌ನ ವೋಲ್ಕರ್, ರೆಕಿಚಾ ಅವರದು ಕೂಡಿಸಿ ಕಳೆಯುವ ದಾರಿ. ಗೋಳಗುಮ್ಮಟವನ್ನೇ ತೆಗೆದುಕೊಳ್ಳಿ: ಚೌಕ ಪೆಟ್ಟಿಗೆಯ ಮೇಲೆ ಗೋಳ ಕೂಡಿಸಿ, ಒಳಗಿನ ಟೊಳ್ಳನ್ನು ಕಳೆದರಾಯಿತು. ಕೇಂಬ್ರಿಜ್‌ನ ಇಯಾನ್ ಬ್ರೇಡ್ ಹಿಡಿದದ್ದು ಎರಡನೆಯ ದಾರಿ: ಪ್ರತಿ ಮುಖ, ಅಂಚು, ಮೂಲೆ, ಅವುಗಳ ನಂಟು ಎಲ್ಲವನ್ನೂ ದಾಖಲಿಸುವುದು. ಕೊರೆಯುವ ಯಂತ್ರಕ್ಕೆ ಬೇಕಾದದ್ದು ಮುಖ ಮತ್ತು ಅಂಚು. ಹಾಗಾಗಿ ಕಾರ್ಖಾನೆಗಳಲ್ಲಿ ನಿಂತದ್ದು ಎರಡನೆಯದೇ.

ಬ್ರೇಡ್ ಮತ್ತು ಸಂಗಡಿಗರ ಶೇಪ್ ಡೇಟಾ ಕಂಪನಿ 1978ರಲ್ಲಿ ರೋಮುಲಸ್ ಕರ್ನಲ್ ತಂದಿತು. ಅದರ ಸಂತಾನವೇ ಪ್ಯಾರಾಸಾಲಿಡ್. ಆ ಗೆಳೆಯರೇ ಬೇರೆಯಾಗಿ 1989ರಲ್ಲಿ ಎಸಿಐಎಸ್ ಕರ್ನಲ್ ಕಟ್ಟಿದರು. ಮುಂದಿನ ಪೈಪೋಟಿಯೆಲ್ಲ ಈ ದಾಯಾದಿಗಳದ್ದು. 2000ದಲ್ಲಿ ಎಸಿಐಎಸ್ ಅನ್ನು ಕೊಂಡ ಕ್ಯಾಡ್ ಕಂಪನಿ ಡಸಾಲ್ಟ್, ತನ್ನದೇ ಆದ ಸಾಲಿಡ್‌ವರ್ಕ್ಸ್‌ಗೆ ಮಾತ್ರ ಈಗ ಎದುರಾಳಿ ಸೀಮೆನ್ಸ್‌ನ ಕೈಯಲ್ಲಿರುವ ಪ್ಯಾರಾಸಾಲಿಡ್ಡನ್ನೇ ಬಳಸುತ್ತದೆ.

ಹೊಸ ಕರ್ನಲ್ ಹುಟ್ಟುವುದು ಏಕಿಷ್ಟು ಅಪರೂಪ? ಕಷ್ಟವಿರುವುದು ಎರಡು ಮೈಗಳು ಕೂಡುವ ಅಂಚಿನಲ್ಲಿ. ಕಾರಿನ ಬಾನೆಟ್ಟಿನಂಥ ಎರಡು ಬೈಕ್ಯೂಬಿಕ್ (ಎರಡೂ ದಿಕ್ಕಿನಲ್ಲಿ ಮೂರನೇ ಘಾತದ) ಮೈಗಳು ಸಂಧಿಸುವ ವಕ್ರದ ಘಾತ 324ರವರೆಗೆ ಹೋಗಬಲ್ಲದು. ಅದನ್ನು ಕರಾರುವಾಕ್ಕಾಗಿ ಬಿಡಿಸುವ ಗೋಜಿಗೆ ಹೋಗದೆ ಎಂಜಿನ್ ಅಂದಾಜು ಮಾಡುತ್ತದೆ. ಪ್ಯಾರಾಸಾಲಿಡ್ಡಿನ ಲೋಕ ಒಂದು ಕಿಲೋಮೀಟರ್ ಬದಿಯ ಪೆಟ್ಟಿಗೆ. ಅದರೊಳಗೆ ಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗಕ್ಕಿಂತ ಹತ್ತಿರವಿರುವ ಎರಡು ಬಿಂದುಗಳು ಒಂದೇ. ಹಿಂದೆ ಬಾಗೇವಾಡಿ ತಾಲೂಕಿಗೆ ಸೇರಿದ್ದ ಆಲಮಟ್ಟಿಯ 1,565 ಮೀಟರ್ ಅಣೆಕಟ್ಟು ಪೂರ್ಣ ಅಳತೆಯಲ್ಲಿ ಆ ಪೆಟ್ಟಿಗೆಗೆ ಹಿಡಿಸದು. ಅಳತೆ ಕುಗ್ಗಿಸಬೇಕು, ಇಲ್ಲವೇ ತುಂಡು ಮಾಡಬೇಕು. ಅಂಚಿನ ಈ ಅಂದಾಜು ತಪ್ಪಿದಲ್ಲೆಲ್ಲ ಮಾದರಿ ಒಡೆಯುತ್ತದೆ. ಒಡೆದ ಒಂದೊಂದು ಪ್ರಕರಣವನ್ನೂ ದಶಕಗಳ ಕಾಲ ದುರಸ್ತಿ ಮಾಡಿದ ಅನುಭವವೇ ಕರ್ನಲ್‌ನ ನಿಜವಾದ ಬಂಡವಾಳ.

ನಮ್ಮಲ್ಲೂ ಕ್ಯಾಡ್ ತಂತ್ರಾಂಶ ಬರೆದವರಿದ್ದಾರೆ: ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ತೇಜಸ್ ವಿಮಾನದ ಕಾಂಪೋಸಿಟ್ ಪದರಗಳಿಗಾಗಿ ಆಟೋಲೇ ತಂತ್ರಾಂಶ ಬರೆಯಿತು. ಅದು ಒಂದು ನಿರ್ದಿಷ್ಟ ಕೆಲಸದ ಉಪಕರಣ; ಕರ್ನಲ್ ಕಟ್ಟುವುದು ಅದಕ್ಕಿಂತ ಉದ್ದದ ದಾರಿ. ಆ ದಾರಿಯ ಒಂದು ಬಾಗಿಲು 1999ರಲ್ಲಿ ತೆರೆಯಿತು: ಫ್ರಾನ್ಸಿನ ಮಾತ್ರಾ ಡೇಟಾವಿಷನ್ ತನ್ನ ಕರ್ನಲ್‌ನ ಮೂಲ ಸಂಕೇತವನ್ನು ಬಹಿರಂಗಗೊಳಿಸಿತು. ಅದೇ ಓಪನ್ ಕ್ಯಾಸ್ಕೇಡ್. ಉಚಿತ ಫ್ರೀಕ್ಯಾಡ್ ನಿಂತಿರುವುದು ಅದರ ಮೇಲೆ. ಪ್ಯಾರಾಸಾಲಿಡ್ ಬಳಸುವ ವಿದ್ಯಾರ್ಥಿಗೆ ‘ಆಗಲಿಲ್ಲ’ ಎಂಬ ಸಂದೇಶವಷ್ಟೇ ಕಾಣುತ್ತದೆ. ಫ್ರೀಕ್ಯಾಡ್‌ನಲ್ಲಾದರೆ ಏಕೆ ಆಗಲಿಲ್ಲ ಎಂದು ಸಾಲುಸಾಲಾಗಿ ಹುಡುಕಬಹುದು. ನಮ್ಮ ಕಾಲೇಜುಗಳ ಕ್ಯಾಡ್ ಪಾಠ ಆ ಹುಡುಕಾಟದವರೆಗೆ ಹೋದರೆ, ಕರ್ನಲ್ ಬಳಸುವವರ ನಡುವೆ ಬರೆಯುವವರೂ ಸಿಕ್ಕಾರು.